ನಾನು ಸೇರಿಸಿದ ಕಡಕಡ

"ಮಣಿಪಾಲದ ಡಾಕ್ಟರ್ ಓಡಿಸಿದ್ದು ಮಾರಾಯ್ರೆ, ಸಿಂಗಲ್ ಹ್ಯಾಂಡ್" ಎಂದು ಕಾಪುವಿನ ಸೆಕೆಂಡ್‌ಹ್ಯಾಂಡ್ ಗಾಡಿ ವ್ಯಾಪಾರಿ ಬಾನೆಟ್ ಸವರಿದ. ನಮ್ಮ ಜಿಲ್ಲೆಯಲ್ಲಿ ಮಾರಾಟಕ್ಕಿರುವ ಹಳೆಯ ಗಾಡಿಗಳನ್ನೆಲ್ಲ ಮಣಿಪಾಲದ ಡಾಕ್ಟರೊಬ್ಬರೇ ಓಡಿಸಿರುತ್ತಾರೆ. ಆ ಮನುಷ್ಯನಿಗೆ ರೋಗಿಗಳನ್ನು ನೋಡಲು ಯಾವಾಗ ಪುರುಸೊತ್ತು ಸಿಕ್ಕಿತೋ ತಿಳಿಯದು. ವ್ಯಾಪಾರಿಯ ಮಾತನ್ನು ಅವನದೇ ದನಿಯಲ್ಲಿ ಮನೆಯಲ್ಲಿ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದೆ. ಅಷ್ಟರಲ್ಲಿ ಗಾಡಿ ಕೊಂಡಾಗಿತ್ತು.

ಹದಿನೆಂಟು ವರ್ಷ ಹಳೆಯ ಫೋರ್‌ವೀಲ್ ಡ್ರೈವ್. ಉಡುಪಿಯ ಮನೆಯಿಂದ ಮಣಿಪಾಲದ ಕೆಲಸಕ್ಕೆ ಹೋಗುವ ನನಗೆ ದಾರಿಯಲ್ಲಿ ಎದುರಾಗುವ ಏಕೈಕ ಪರ್ವತವೆಂದರೆ ಮಣಿಪಾಲದ ಏರು. ಅದನ್ನು ಸಿಟಿ ಬಸ್ಸುಗಳು ಬಾಗಿಲಲ್ಲಿ ಜನರನ್ನು ನೇತಾಡಿಸಿಕೊಂಡು ದಿನವಿಡೀ ಹತ್ತುತ್ತವೆ. ಆದರೆ ಗೇರಿನ ಪಕ್ಕದಲ್ಲಿ ಫೋರ್‌ವೀಲಿಗೆಂದೇ ಇನ್ನೊಂದು ಪುಟ್ಟ ಲಿವರ್ ಕಂಡೊಡನೆ ನನ್ನ ಬುದ್ಧಿ ನ್ಯೂಟ್ರಲ್ಲಿಗೆ ಬಂದಿತ್ತು.

ಮೂರನೆಯ ದಿನ ಅಪ್ಪನನ್ನು ಕೂರಿಸಿಕೊಂಡು ಹೋಗುವಾಗ, ಹಿರಿಯಡ್ಕದ ಹತ್ತಿರದ ಏರಿನಲ್ಲಿ ಗಾಡಿಯ ಅಡಿಯಿಂದ ಶಬ್ದ ಬಂತು.

"ಇದೆಂತ?"

"ಎಂತ ಇಲ್ಲ ಅಪ್ಪ. ಹಳೇ ಗಾಡಿ ಅಲ್ವಾ, ಸ್ವಲ್ಪ ಮಾತಾಡ್ತದೆ."

"ಮಾತಾಡ್ಲಿಕ್ಕೆ ಮನೆಯಲ್ಲಿ ನೀನೊಬ್ಬ ಸಾಕು."

ವಾರದೊಳಗಾದರೆ ಗಾಡಿ ವಾಪಸು ತೆಗೆದುಕೊಳ್ಳುವುದಾಗಿ ವ್ಯಾಪಾರಿ ಮಾತು ಕೊಟ್ಟಿದ್ದ. ಭಾನುವಾರ ಇದೇ ರಸ್ತೆಯಲ್ಲಿ ಮತ್ತೆ ಕುಳಿತು ನೋಡುತ್ತೇನೆ, ಶಬ್ದ ಇದ್ದರೆ ಅಲ್ಲಿಂದ ನೇರ ಕಾಪುವಿಗೆ ಎಂದು ಅಪ್ಪ ತೀರ್ಪು ಕೊಟ್ಟರು. ಊರನ್ನೆಲ್ಲ ಅಣಕಿಸುವ ನನಗೆ ಇದನ್ನು ಅಣಕಿಸಲು ಬಾಯಿ ಬರಲಿಲ್ಲ. ಗಾಡಿ ನನಗೆ ನಿಜಕ್ಕೂ ಬೇಕಿತ್ತು.

ಇಂಥ ಹಳೆಯ ಗಾಡಿಗಳಿಗೆ ಕಾರ್ಕಳದ ಪಕ್ಕದ ಕುಕ್ಕುಂದೂರಿನ ಮೆಕ್ಯಾನಿಕ್ಕೇ ಆಗಬೇಕು ಎಂದು ಗೆಳೆಯರು ಹೇಳಿದರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹಿರಿಯರು, ಊರವರೆಲ್ಲ ಗೌರವದಿಂದ ಕರೆಯುವುದು ಪೊರ್ಬುಗಳು ಎಂದೇ. ಅವರು ಗಾಡಿಯನ್ನು ಕಾರ್ಕಳದ ಬಸ್‌ಸ್ಟ್ಯಾಂಡಿನ ತನಕ ಓಡಿಸಿ ತಂದರು. ಹೆಣ್ಣು ನೋಡಲು ಬಂದ ಹುಡುಗನಷ್ಟು ಸಭ್ಯವಾಗಿತ್ತು ಗಾಡಿ.

"ಶಬ್ದ ಎಲ್ಲುಂಟು?"

"ನಿನ್ನೆ ಇತ್ತು ಪೊರ್ಬುಗಳೇ."

"ನಿನ್ನೆಯದ್ದನ್ನು ನಾನು ಹೇಗೆ ರಿಪೇರಿ ಮಾಡುವುದು? ಹೇಗೆ ಬರ್ತದೆ, ಮಾಡಿ ತೋರಿಸು."

ಮಿಮಿಕ್ರಿ ಮಾಡುವವನಿಗೆ ಯಾರೂ ಹೇಳಬಾರದ ಮಾತಿದು. ನಾನು ಟಿಕ್ ಟಿಕ್ ಎಂದು ಶುರುಮಾಡಿದೆ. ಗ್ಯಾರೇಜಿನ ಇಬ್ಬರು ಕೆಲಸಗಾರರು ತಲೆ ಎತ್ತಿದರು. ಪಕ್ಕದ ಟಯರ್ ಅಂಗಡಿಯವರು ಎದ್ದು ಬಂದರು. ಮೂರು ಜನರೆಂದರೆ ನನಗೆ ತುಂಬಿದ ಸಭೆ. ಕತ್ತು ಅಲ್ಲಾಡಿಸುತ್ತ, ಕೊನೆಗೊಂದು ಭರ್ಜರಿ ಕಡಕಡ ಸೇರಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಎಂದರು. ಎರಡನೆಯ ಸಲದ ಕಡಕಡ ಇನ್ನೂ ಉದ್ದವಾಯಿತು. ನಗದೆ ನಿಂತವರು ಪೊರ್ಬುಗಳೊಬ್ಬರೇ. ಅವರು ಕೇಳಿಸಿಕೊಳ್ಳುತ್ತಿದ್ದರು.

ಎರಡು ದಿನ ನಾಲ್ಕೂ ಚಕ್ರ ಬಿಚ್ಚಿ ಬೇರಿಂಗ್, ಬ್ರೇಕ್ ಎಲ್ಲ ನೋಡಿದರು. ಏನೂ ಸಿಗಲಿಲ್ಲ. ಶುಕ್ರವಾರ ಹೋದಾಗ ಗಾಡಿ ಜಾಕಿನ ಮೇಲಿತ್ತು.

"ಟಿಕ್ ಟಿಕ್ ಬಿಡು, ಸಾವಿರ ಕಾರಣ ಉಂಟು. ಆ ಕೊನೆಯ ಕಡಕಡ ಒಳ್ಳೆಯದಲ್ಲ. ಗೇರ್‌ಬಾಕ್ಸ್ ಇಳಿಸ್ಬೇಕು. ಭಾನುವಾರಕ್ಕೆ ಆಗ್ಲಿಕ್ಕಿಲ್ಲ."

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಗಾಡಿ ಹೋಗುತ್ತಿತ್ತು. ಉಳಿಸಿಕೊಳ್ಳುವಂಥ ಮಾನ ನನ್ನಲ್ಲಿ ಎಷ್ಟಿದೆ ಎಂದು ಅಂದಾಜು ಮಾಡಿ ಬಾಯಿಬಿಟ್ಟೆ.

"ಪೊರ್ಬುಗಳೇ, ಆ ಕಡಕಡ ಗಾಡಿಯದ್ದಲ್ಲ. ನನ್ನದು."

"ನಿನ್ನದೆಂದರೆ?"

"ಟಯರಿನವರು ನಗ್ತಾ ಇದ್ರು. ಸ್ವಲ್ಪ ಸೇರಿಸಿದೆ."

ಅವರು ಬಹಳ ಹೊತ್ತು ಕೈ ಒರೆಸಿಕೊಂಡರು. "ಹಾಗಾದ್ರೆ ಎರಡು ದಿನ ನಾನು ನಿನ್ನ ಗಂಟಲು ರಿಪೇರಿ ಮಾಡಿದ್ದಾ?"

ಅವರು ಕೆಲಸಗಾರರನ್ನು ಚಾ ಕುಡಿಯಲು ಕಳಿಸಿದರು. ನನ್ನನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದರು. "ಈಗ ಗಾಡಿ ಮಾಡಿದ್ದು ಮಾತ್ರ ಮಾಡು."

ನೋಡುವವರಿಲ್ಲದೆ ನಾನು ಏನನ್ನೂ ಮಾಡಿದವನಲ್ಲ. ಮೊದಲ ಸಲ ಮತ್ತೆ ಅಲಂಕಾರ ಸೇರಿಕೊಂಡಿತು. "ಬಾಲ ಕತ್ತರಿಸು" ಎಂದರು. ಕತ್ತರಿಸಿದೆ, ಮತ್ತೆ ಕತ್ತರಿಸಿದೆ. ನಾಲ್ಕನೆಯ ಸಲಕ್ಕೆ ಒಣ ಟಿಕ್, ಟಿಕ್ ಮಾತ್ರ ಉಳಿಯಿತು, ವೇಗ ಏರಿದಂತೆ ಬೇಗ ಬೇಗ. ನನ್ನ ಅಮ್ಮನೂ ನಗಲಾರದಷ್ಟು ಸಪ್ಪೆ.

"ಆಕ್ಸಿಲರೇಟರ್ ಕೊಟ್ಟಾಗಲಾ, ಬಿಟ್ಟಾಗಲಾ?"

"ಕೊಟ್ಟಾಗ. ಏರಿನಲ್ಲಿ."

ಅವರು ಅಡಿಗೆ ನುಸುಳಿ, ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದರು. ಟಿಕ್ ಎಂದಿತು. ಶಾಫ್ಟಿನ ತುದಿಯ ಕೀಲಿನಲ್ಲಿರುವ ಜಾಯಿಂಟ್ ಕ್ರಾಸ್ ಗ್ರೀಸು ಕಾಣದೆ ಸವೆದು, ತುಕ್ಕಿನ ಪುಡಿ ಉದುರಿಸುತ್ತಿತ್ತು. ಭಾರ ಬಿದ್ದರೆ ಮಾತ್ರ ಸದ್ದು ಮಾಡುವುದಂತೆ. ಶನಿವಾರ ಮಧ್ಯಾಹ್ನದೊಳಗೆ ಹೊಸದು ಕೂತಿತು.

ಭಾನುವಾರ ಅಪ್ಪ ಗಾಜು ಇಳಿಸಿ ಕುಳಿತರು. ಹಿರಿಯಡ್ಕದ ಏರಿನಲ್ಲಿ ನಾನು ಉಸಿರು ಹಿಡಿದು ಆಕ್ಸಿಲರೇಟರ್ ಒತ್ತಿದೆ. ಇಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಪ್ಪ ಮುಖ ಬಿಡಿಸಲಿಲ್ಲ.

"ಮೇಲೆ ಹೋಗಿ ತಿರುಗಿಸು."

"ಕಾಪುವಿಗಾ ಅಪ್ಪ?"

"ಮನೆಗೆ. ಅಂಗಳದಲ್ಲಿ ಜಾಗ ಸಣ್ಣದು. ನನ್ನ ಸ್ಕೂಟರ್ ಬದಿಗೆ ಇಡುವ."

ಆ ಮಾತನ್ನು ಅಪ್ಪನ ದನಿಯಲ್ಲೇ ತಿರುಗಿ ಹೇಳುವ ಆಸೆ ನಾಲಗೆಯ ತುದಿಗೆ ಬಂತು. ಗಾಡಿ ಇನ್ನೂ ಏರಿನಲ್ಲೇ ಇತ್ತು. ಬಾಯಿ ಮುಚ್ಚಿಕೊಂಡು ಓಡಿಸಿದೆ.