ಹೆಸರಿಲ್ಲದ ಬಂಡಿ, ಗುಡಿಸದ ಮನೆ

ಮನೆಯಿಂದ ಹೊರಟವರು ತಲುಪಿದ ಸುದ್ದಿ ಬರುವ ತನಕ ಕಸ ಗುಡಿಸಬಾರದು ಎಂಬುದು ನನ್ನ ಅತ್ತೆಯ ಶಾಸ್ತ್ರ. ಹಾಗೆ ಬೆನ್ನಿಗೇ ಗುಡಿಸುವುದು ಹೆಣ ಎತ್ತಿದ ಮೇಲೆ ಮಾತ್ರವಂತೆ. ಗುಂಡ್ಲುಪೇಟೆ ಕಡೆಯಿಂದ ವಯನಾಡಿನ ಮೀನಂಗಡಿ ಎಂಬ ಈ ಊರಿಗೆ ವ್ಯಾಪಾರಕ್ಕೆ ಬಂದ ಅವರ ಹಿರಿಯರು ತಕ್ಕಡಿಯ ಜೊತೆ ಇದನ್ನೂ ಹೊತ್ತು ತಂದಿದ್ದರು. ಬಸ್ಸಿನಲ್ಲಿ ಹೋಗುವವರಿಗೆ ಸರಿಹೋಗುವ ಶಾಸ್ತ್ರ ಅದು. ಬೆಳಿಗ್ಗೆ ಹೋದವರು ಮಧ್ಯಾಹ್ನ ತಲುಪುತ್ತಾರೆ, ಪೊರಕೆ ಕೈಗೆ ಬರುತ್ತದೆ. ನನ್ನ ಗಂಡನದು ಗೂಡ್ಸ್ ರೈಲಿನ ಗಾರ್ಡ್ ಕೆಲಸ. ಗೂಡ್ಸ್ ಯಾವಾಗ ತಲುಪುತ್ತದೆ ಎಂದು ಅದನ್ನು ಓಡಿಸುವವರೇ ಹೇಳಲಾರರು. ಅವನು ಬಂಡಿ ಹತ್ತಿದೆ ಎಂದು ಫೋನ್ ಮಾಡಿದ ಗಳಿಗೆಯಿಂದ ಇಳಿದೆ ಎನ್ನುವವರೆಗೆ ನಮ್ಮ ಮನೆಯಲ್ಲಿ ಈರುಳ್ಳಿ ಸಿಪ್ಪೆ ಬಿದ್ದಲ್ಲೇ ಬಿದ್ದಿರುತ್ತಿತ್ತು. ಆಗ ಅವನನ್ನು ಬಹುವಚನದಲ್ಲಿ ಕರೆಯುತ್ತಿದ್ದೆ. ಇಲ್ಲಿ ಏಕವಚನ ಸಾಕು.

ವಯನಾಡಿನಲ್ಲಿ ರೈಲಿಲ್ಲ. ಬರುತ್ತದೆ ಎಂಬ ಮಾತು ಮಾತ್ರ ಪ್ರತಿ ಚುನಾವಣೆಗೂ ಬಂದು ಹೋಗುತ್ತದೆ. ಇಲ್ಲಿನವರಿಗೆ ಗೊತ್ತಿರುವುದು ಬಸ್ಸು, ಅದೂ ಹಣೆಯ ಮೇಲೆ ಬರೆದ ಹೆಸರಿನಿಂದ. ಹಾಗಾಗಿ ಅತ್ತೆ ಪ್ರತಿ ಸಲ ಕೇಳುತ್ತಿದ್ದರು, "ವಂಡಿ ಹೆಸ್ರು ಎಂಥದು ಮೋಳೇ?" ಮಲಯಾಳಿಗಳು ಮಗಳನ್ನು ಕರೆಯುವ ಹಾಗೆ ನನ್ನನ್ನು ಕರೆಯುತ್ತಿದ್ದರು. ಗೂಡ್ಸಿಗೆ ಹೆಸರಿರುವುದಿಲ್ಲ ಎಂದರೆ ಅವರಿಗೆ ಕಸಿವಿಸಿ. ಹೆಸರಿಲ್ಲದ ಬಂಡಿಯಲ್ಲಿ ಮಗನನ್ನು ಕಳಿಸುವುದು ಹೇಗೆ?

ಹೆಸರಿನ ಬದಲು ಏನಿರುತ್ತದೆ ಎಂದು ಹೇಳಿಕೊಟ್ಟವನು ಅವನೇ. ಮದುವೆಯಾದ ಹೊಸತರಲ್ಲಿ ಮೈಸೂರಿನ ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು, ಎದುರು ಹಾದುಹೋಗುತ್ತಿದ್ದ ವ್ಯಾಗನ್‌ಗಳನ್ನು ತೋರಿಸಿದ್ದ. ಬಾಕ್ಸ್‌ಎನ್ ಎಂದರೆ ಮೇಲೆ ತೆರೆದದ್ದು, ಕಲ್ಲಿದ್ದಲಿಗೆ. ಬಿಸಿಎನ್ ಎಂದರೆ ಮುಚ್ಚಿದ್ದು, ಅಕ್ಕಿ, ಗೊಬ್ಬರ, ಸಿಮೆಂಟಿಗೆ. ಪಕ್ಕೆಯ ಮೇಲಿನ ಉದ್ದನೆಯ ನಂಬರಿನಲ್ಲಿ ಮೊದಲೆರಡು ಅಂಕಿ ವ್ಯಾಗನ್ನಿನ ಜಾತಿ, ಆಮೇಲಿನೆರಡು ಯಾವ ರೈಲ್ವೆಯದು ಎಂಬುದು, ಮತ್ತೆರಡು ಹುಟ್ಟಿದ ವರ್ಷ. ಮೂರರಿಂದ ಶುರುವಾದರೆ ಮುಚ್ಚಿದ್ದು, ನಾಲ್ಕರಿಂದಾದರೆ ಎಣ್ಣೆಯ ಟ್ಯಾಂಕರು. ನಾನು ತಪ್ಪಿಲ್ಲದೆ ಓದಿದಾಗಲೆಲ್ಲ ಅವನು ನಗುತ್ತಿದ್ದ. ಆ ನಗುವಿಗಾಗಿಯೇ ಕಲಿತೆ. ಅಷ್ಟು ಪ್ರೀತಿ ಇತ್ತು, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ರೈಲ್ವೆ ಕ್ವಾರ್ಟರ್ಸ್ ಸಿಕ್ಕಿದ ಕೂಡಲೇ ತಾನು ಕೆಲಸ ಮಾಡುವ ಜಂಕ್ಷನ್ನಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಮದುವೆಗೆ ಬಂದ ಕುಕ್ಕರನ್ನು ಆ ಮನೆಗೆಂದು ಡಬ್ಬದಿಂದ ತೆಗೆಯದೆ ಅಟ್ಟದ ಮೇಲಿಟ್ಟೆ. ವರ್ಷಗಳು ಹೋದವು, ಕ್ವಾರ್ಟರ್ಸ್ ಬರಲಿಲ್ಲ. ಬರುತ್ತಿದ್ದದ್ದು ಫೋಟೋಗಳು. ಡ್ಯೂಟಿಗೆ ಹತ್ತಿದಾಗ ವ್ಯಾಗನ್ನಿನ ಪಕ್ಕೆಯದೊಂದು ಫೋಟೋ ಕಳಿಸುತ್ತಿದ್ದ, ಅಮ್ಮನ ಸಮಾಧಾನಕ್ಕೆ. ನಾನು ನಂಬರು ಓದಿ ಹೇಳುತ್ತಿದ್ದೆ, "ಬಿಸಿಎನ್, ಅತ್ತೆ." ಅವರು ಅದನ್ನೇ ಬಸ್ಸಿನ ಹೆಸರೆಂದುಕೊಂಡು ಕೈಮುಗಿಯುತ್ತಿದ್ದರು.

ಹೋದ ವರ್ಷ ಅತ್ತೆಯ ಕಣ್ಣಿನ ಆಪರೇಷನ್ನಿಗೆ ಬರುತ್ತೇನೆಂದವನು ಬೆಳಿಗ್ಗೆಯೇ ಫೋನ್ ಮಾಡಿದ.

"ಪೆಟ್ರೋಲ್ ಲೋಡು ಕಣೇ. ನಡುದಾರೀಲಿ ತಂದು ನಿಲ್ಸವ್ರೆ. ಬರಕಾಗಲ್ಲ."

ಹಿಂದೆಯೇ ಫೋಟೋ ಬಂತು. ನಂಬರು ಮೂರರಿಂದ ಶುರುವಾಗಿತ್ತು. ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಬರೆದ ಗುಣಾಕಾರ ಚಿಹ್ನೆ. ಆ ಚಿಹ್ನೆಯನ್ನು ಎಲ್ಲೋ ನೋಡಿದ್ದೆ. ಫೋನಿನಲ್ಲಿ ಹಿಂದಕ್ಕೆ ಹೋದೆ, ಓಣಂ ಹೊತ್ತಿಗೆ ಬಂದಿದ್ದ ಫೋಟೋ ಅದೇ. ಸುಳ್ಳು ಹೇಳಿದನಲ್ಲ ಎಂಬುದಕ್ಕಿಂತ, ಸುಳ್ಳಿಗೆ ಸರಿಹೊಂದುವ ಫೋಟೋ ಹುಡುಕುವಷ್ಟು ಮರ್ಯಾದೆಯನ್ನೂ ನನಗೆ ಕೊಡಲಿಲ್ಲವಲ್ಲ ಎಂದು ಸಿಟ್ಟು ಬಂತು. ತಿರುಗಿ ಫೋನ್ ಮಾಡಿದೆ.

"ಮುಚ್ಚಿದ ವ್ಯಾಗನ್ನಲ್ಲಿ ಪೆಟ್ರೋಲ್ ತುಂಬ್ತಾರಾ?"

"ನಿಂಗ್ಯಾರ್ ಹೇಳಿದ್ದು?"

"ನೀವೇ. ಮೈಸೂರಲ್ಲಿ."

"ಅಮ್ಮಂಗೆ ಹೇಳ್ಬ್ಯಾಡ" ಎಂದ. ವ್ಯಾಗನ್ನಿನದು ಬಿಟ್ಟು ನಾನಿನ್ನೂ ಏನನ್ನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.

ಆಪರೇಷನ್ನಿಗೆ ನಾನೇ ಕರೆದುಕೊಂಡು ಹೋದೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವನು ಬಂದ. ಕ್ವಾರ್ಟರ್ಸ್ ಮದುವೆಯ ಮರುವರ್ಷವೇ ಸಿಕ್ಕಿತ್ತಂತೆ. ಅದರಲ್ಲಿ ಇನ್ನೊಬ್ಬಳಿದ್ದಾಳೆ. ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದ, ಅತ್ತೆ ಕಿಟಕಿಯಾಚೆ ಜಗಲಿಯಲ್ಲಿದ್ದರು. "ಇಲ್ಲಿ ನಿಂಗೇನ್ ಕಮ್ಮಿ ಆಗದೆ?" ಎಂದೂ ಕೇಳಿದ. ನಾನು ಅಟ್ಟದ ಮೇಲಿನ ಕುಕ್ಕರನ್ನು ಇಳಿಸಿ, ಡಬ್ಬ ಹರಿದು, ಬೇಳೆ ಇಟ್ಟೆ. ಅವನಿಗೆ ಬಡಿಸಲಿಲ್ಲ.

ಮಧ್ಯಾಹ್ನದ ಮೈಸೂರು ಬಸ್ಸಿಗೆ ಹೊರಟ. ಗಡಿಯ ಪೊನ್ಕುಳಿ ದಾಟಿದರೆ ಕಾಡು, ಸಿಗ್ನಲ್ ಸಿಗುವುದಿಲ್ಲ, ಆಮೇಲೆ ಫೋನ್ ಮಾಡುತ್ತೇನೆ ಎಂದು ಎಂದಿನಂತೆ ಅಮ್ಮನಿಗೆ ಹೇಳಿದ. ಅವನು ಗೇಟು ದಾಟಿದ್ದನಷ್ಟೆ, ನಾನು ಬಾಗಿಲ ಹಿಂದಿನ ಪೊರಕೆ ತೆಗೆದುಕೊಂಡು ನಡುಮನೆಯಿಂದ ಹೊಸಿಲಿನ ಕಡೆಗೆ ಗುಡಿಸತೊಡಗಿದೆ. ಅವನು ತಿರುಗಿ ನೋಡಲಿ ಎಂದೇ ಜೋರಾಗಿ ಗುಡಿಸಿದೆ.

ಜಗಲಿಯ ಬೆಂಚಿನ ಮೇಲೆ ಕೂತಿದ್ದ ಅತ್ತೆ ಪೊರಕೆಯನ್ನು ನೋಡಿದರು, ರಸ್ತೆಯನ್ನು ನೋಡಿದರು. ಕಣ್ಣು ಈಗ ಚೆನ್ನಾಗಿಯೇ ಕಾಣುತ್ತಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಎರಡೂ ಕಾಲನ್ನು ಬೆಂಚಿನ ಮೇಲೆ ಎತ್ತಿಕೊಂಡರು, ಕೆಳಗೆ ಗುಡಿಸಲು ಅನುಕೂಲವಾಗುವಂತೆ.

"ಬಾಗ್ಲ ಹಿಂದೇನೂ ಗುಡ್ಸು ಮೋಳೇ," ಎಂದರು. "ಅಲ್ಲಿನ್ನೂ ಕಸ ಅದೆ."