ಬೆರಳಿನ ಕ್ಲಿಪ್ಪು

ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ ಅಮ್ಮನಿಗೆ ಪೀಕಲಾಟ. "ಆಸ್ಪತ್ರೇಲಿದ್ದಾಳೆ, ಆದ್ರೆ ಡಾಕ್ಟ್ರಲ್ಲ. ಇಂಜಿನಿಯರು, ಆದ್ರೆ ಮನೆ ಕಟ್ಟಲ್ಲ," ಎನ್ನುವಷ್ಟರಲ್ಲಿ ಕೇಳಿದವರು ನಾಪತ್ತೆ. ಬಯೋಮೆಡಿಕಲ್ ಇಂಜಿನಿಯರಿಂಗ್ ಓದಿದ ಈ ಹುಡುಗಿಗೆ ಮನೆಯಲ್ಲಿಟ್ಟ ಹೆಸರು ಸ್ಕ್ರೂ ರಾಣಿ. ಚಿಕ್ಕಂದಿನಲ್ಲಿ ಮಿಕ್ಸಿ ಬಿಚ್ಚಿ, ಮತ್ತೆ ಜೋಡಿಸಿ, ನಾಲ್ಕು ಸ್ಕ್ರೂ ಉಳಿಸಿದ ಮಹಾತಾಯಿ!

ಪದವೀಧರರಿಗೆ ಇರಬೇಕಾದ ಗುಣಗಳ ಪಟ್ಟಿಯನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದಳು: ಸಮಸ್ಯೆ ಗುರುತಿಸುವುದು, ಎಲ್ಲರೊಡನೆ ಬೆರೆತು ಕೆಲಸ ಮಾಡುವುದು, ಪ್ರಾಮಾಣಿಕತೆ, ಇನ್ನೂ ಏನೇನೋ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಅವಳ ಆರು ತಿಂಗಳ ಪರೀಕ್ಷಾವಧಿ ಅಂದಿಗೆ ಮುಗಿಯುತ್ತಿತ್ತು. ಕೆಲಸ ಕಾಯಂ ಆಗುವುದೋ, ಮನೆಗೆ ಹೋಗುವುದೋ, ಎಲ್ಲವೂ ವಿಭಾಗದ ಮುಖ್ಯಸ್ಥರ ಒಂದು ಸಹಿಯಲ್ಲಿತ್ತು.

ಅವರು ವಹಿಸಿದ್ದ ಕೊನೆಯ ಕೆಲಸ ಒಂಬತ್ತನೇ ಹಾಸಿಗೆಯ ಮಾನಿಟರು. ರಕ್ತದಲ್ಲಿನ ಆಮ್ಲಜನಕ ತೋರಿಸುವ ಅಂಕಿ ಆಗಾಗ ಮಾಯ. ನರ್ಸಮ್ಮ ಓಡಿ ಬಂದರೆ ತಕ್ಷಣ ಹಾಜರ್. ಇವಳು ನರ್ಸಮ್ಮನ ಜೊತೆ ಮೂರು ಸಲ ಹೋದಳು. ಮೂರು ಸಲವೂ ಯಂತ್ರ ಸಾಧುಪ್ರಾಣಿ. ತಲೆ ಕೆಟ್ಟು, ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಕ್ಲಿಪ್ಪಿನ ತಂತಿಯಲ್ಲೇ ದೋಷ, ಹೊಸದು ಬೇಕು ಎಂದು ಗ್ರಾಫ್ ಸಮೇತ ಎಂಟು ಪುಟ ಬರೆದುಕೊಟ್ಟಳು. ಮುಖ್ಯಸ್ಥರು ಓದಿ, "ಭೇಷ್! ಮಧ್ಯಾಹ್ನ ಬಂದು ಕಾಯಂ ಪತ್ರ ತಗೊಂಡು ಹೋಗಿ," ಎಂದರು.

ಕುಣಿಯುವುದೊಂದು ಬಾಕಿ. ಹಳೆಯ ಕ್ಲಿಪ್ಪು ತರಲು ಈ ಸಲ ಒಬ್ಬಳೇ ವಾರ್ಡಿಗೆ ಹೋದಳು. ಒಂಬತ್ತನೇ ಹಾಸಿಗೆಯ ಯಜಮಾನರು ಪೇಪರ್ ಓದುತ್ತಿದ್ದರು. ಕ್ಲಿಪ್ಪು ಬೆರಳಿನಲ್ಲಿರಲಿಲ್ಲ, ಫ್ಯಾನಿನ ಗಾಳಿಗೆ ಪುಟ ಹಾರದಂತೆ ಪೇಪರನ್ನು ಕಚ್ಚಿ ಹಿಡಿದಿತ್ತು.

"ತಾತಾ! ಇದೇನಿದು?"

"ಶ್! ನರ್ಸಮ್ಮ ಬಂದ್ರೆ ಬೆರಳಿಗೆ ಹಾಕ್ಕೋತೀನಮ್ಮ. ಆಯಮ್ಮ ಬೈತಾರೆ."

"ಮೂರು ಸಲ ಬಂದಿದ್ನಲ್ಲ, ನಂಗೆ ಹೇಳ್ಬಾರದಿತ್ತಾ?"

"ನೀನು ಆ ಪೆಟ್ಟಿಗೆ ಹತ್ರಾನೇ ಮಾತಾಡ್ತಿದ್ದೆ ಕಣಮ್ಮಾ. ನನ್ನನ್ನೆಲ್ಲಿ ಕೇಳ್ದೆ?"

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಹೊಸ ಕ್ಲಿಪ್ಪೂ ಬರುತ್ತದೆ, ಕೆಲಸವೂ ಕಾಯಂ. ಯಾರಪ್ಪನಿಗೆ ಗೊತ್ತಾಗಬೇಕು? ಆದರೆ ಹಾಳು ಮನಸ್ಸು ಕೇಳಬೇಕಲ್ಲ! ಮುಖ್ಯಸ್ಥರ ಎದುರು ಹೋಗಿ ನಿಂತು, "ಸರ್, ಆ ಎಂಟು ಪುಟ ಬರೀ ಬೊಗಳೆ. ನಾನು ಪೇಷೆಂಟನ್ನ ಒಂದು ಮಾತೂ ಕೇಳಿರ್ಲಿಲ್ಲ," ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

ಮುಖ್ಯಸ್ಥರು ಕನ್ನಡಕ ತೆಗೆದರು. ಮುಖ ಕೆಂಪಾಗಿತ್ತು.

"ಹೋದ ವಾರ ಆ ಹಾಸಿಗೆಗೆ ನಾನೇ ಎರಡು ಹೊಸ ಕ್ಲಿಪ್ಪು ಹಾಕಿಸಿದೆ ಕಣ್ರೀ," ಎಂದು ಕಾಯಂ ಪತ್ರಕ್ಕೆ ಸಹಿ ಹಾಕಿ, ಕುರ್ಚಿ ತಳ್ಳಿ ಎದ್ದರು. "ನಡೀರಿ, ಆ ಯಜಮಾನ್ರನ್ನ ನಾನೂ ಮಾತಾಡಿಸ್ಬೇಕು."