ಉಸುತು ನದಿಯ ನೆಲ

2014ರಲ್ಲಿ ನಾನು ನೈರೋಬಿಯ ಔಷಧ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಮ್ಯಾನೇಜರ್. ಏನಾದರೂ ತಪ್ಪಿದರೆ ಮೂಲಕಾರಣ ಹುಡುಕಿ ವರದಿ ಬರೆಯುವುದು ನನ್ನ ಕೆಲಸ. ಆ ವರ್ಷ ನಮ್ಮ ಮಾತ್ರೆಗಳ ಗೋದಾಮು ತಪಾಸಣೆಗೆ ನಾನೂ ಪ್ರೊಡಕ್ಷನ್ ವಿಭಾಗದ ಮೋಹನನೂ ಸ್ವಾಜಿಲ್ಯಾಂಡಿಗೆ ಹೋದೆವು. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ದಾಟಿಬಿಡಬಹುದಾದ ಪುಟ್ಟ ರಾಜ್ಯ. ಅಂಗಡಿಗಳಲ್ಲಿ ರಾಜನ ಫೋಟೊ, ತಗ್ಗು ಬಯಲಿನಲ್ಲಿ ಕಬ್ಬು. ಕಬ್ಬು ಕಂಡದ್ದೇ ಮಂಡ್ಯದ ಮೋಹನ ಕಾರು ನಿಲ್ಲಿಸಿದ. ಕೆಲಸ ಬೇಗ ಮುಗಿದು ಒಂದು ದಿನ ಉಳಿಯಿತು. ರಾಫ್ಟಿಂಗ್ ಅವನ ಆಸೆ.

ಉಸುತು ನದಿಯಲ್ಲಿ ಇಬ್ಬರಿಗೊಂದು ರಬ್ಬರ್ ದೋಣಿ. ಗೈಡ್ ಸಿಫೊ ಒತ್ತಿ ಒತ್ತಿ ಹೇಳಿದ: ನೀರಿಗೆ ಬಿದ್ದರೆ ಬೆನ್ನ ಮೇಲೆ ತೇಲಿ, ನಿಲ್ಲಲು ಮಾತ್ರ ಹೋಗಬೇಡಿ. ಹರಿವಿನಲ್ಲಿ ನಿಂತರೆ ಪಾದ ಬಂಡೆಗಳ ಸಂದಿಗೆ ಸಿಕ್ಕಿ, ಹಿಂದಿನ ನೀರು ದೇಹವನ್ನು ಮುಂದಕ್ಕೆ ಮಗುಚುತ್ತದೆ. ಇದನ್ನು ಫುಟ್ ಎಂಟ್ರಾಪ್‌ಮೆಂಟ್ ಎನ್ನುತ್ತಾರೆ. ಸೊಂಟದ ಮಟ್ಟದ ನೀರೂ ಸಾಕು.

“ನಾನು ಬಾವೀಲಿ ಈಜು ಕಲ್ತೋನು ಸಾರ್,” ಮೋಹನ ನಕ್ಕ. “ನೀವು ಸ್ವಿಮ್ಮಿಂಗ್ ಪೂಲ್ ಗಿರಾಕಿ, ಸರಿಯಾಗಿ ಕೇಳಿಸ್ಕೊಳ್ಳಿ.”

ಒಂದು ಇಳಿಜಾರಿನಲ್ಲಿ ದೋಣಿ ಮಗುಚಿತು. ನಾನು ತೇಲಿದೆ. ಮೋಹನನ ಕಾಲಿಗೆ ತಳ ತಾಕಿರಬೇಕು. ಎದ್ದು ನಿಂತ, ಕೈಯೆತ್ತಿ ಏನೋ ಕೂಗಿದ. ನಗುತ್ತಿದ್ದ. ಮರುಕ್ಷಣ ಸೊಂಟದಿಂದ ಮಡಿಚಿಕೊಂಡ. ಕೆಂಪು ಹೆಲ್ಮೆಟ್ ನೀರಿನಡಿ ಅಲುಗದೆ ನಿಂತದ್ದು ದಡದಿಂದಲೂ ಕಾಣುತ್ತಿತ್ತು. ಸಿಫೊ ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಇಳಿದ. ಪಾದ ಬಿಡಿಸುವಷ್ಟರಲ್ಲಿ ಮೋಹನ ಹೋಗಿದ್ದ.

ನೈರೋಬಿಗೆ ಮರಳಿದ ಮೇಲೆ, ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಫ್ಲ್ಯಾಟಿನಲ್ಲಿ ಅವನ ಹೆಂಡತಿ ಸುಧಾ ಕೇಳಿದ್ದು ಒಂದೇ: “ಕೊನೆಗೆ ಏನಾದ್ರೂ ಅಂದ್ರಾ ಸರ್?”

“‘ನೆಲ ಸಿಕ್ತು’ ಅಂದ ಹಾಗಾಯ್ತಮ್ಮ.”

ಸುಧಾ ಹೇಳಿದರು: “ಈಜು ಕಲ್ಸೋವಾಗ ನಮ್ಮಾವ ಇವ್ರ ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗೆ ಬಿಡ್ತಿದ್ರಂತೆ. ಮೆಟ್ಟಿಲು ಕಾಲಿಗೆ ಸಿಕ್ಕಿದ್ ಕೂಡ್ಲೆ ಎದ್ ನಿಂತು ಹಾಗೇ ಕೂಗ್ಬೇಕು. ಆಮೇಲೇ ಹಗ್ಗ ಸಡಿಲ ಬಿಡೋದು.”

ಆ ಕಥೆಯನ್ನು ಮೋಹನ ನನಗೆ ಮೊದಲೇ ಹೇಳಿದ್ದನೇ? ಕಿವಿಯಲ್ಲಿ ನೀರು ಮೊರೆಯುತ್ತಿದ್ದಾಗ ನಾನು ನಿಜಕ್ಕೂ ಕೇಳಿದೆನೇ, ಆಮೇಲೆ ಜೋಡಿಸಿಕೊಂಡೆನೇ? ಇಂದಿಗೂ ಖಚಿತವಿಲ್ಲ. ಎದ್ದು ನಿಂತದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಕಂಪನಿಯ ಕರಡು ವರದಿಯಲ್ಲಿ ಮೂಲಕಾರಣ ‘ಸೂಚನೆ ಪಾಲಿಸಲಿಲ್ಲ’ ಎಂದಿತ್ತು. ನಾನು ಸಹಿ ಹಾಕಲಿಲ್ಲ. ಮೋಹನ ಅಪ್ಪನ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದ್ದ. ಆಮೇಲಿನಿಂದ ಕಾರ್ಖಾನೆಗೆ ಯಾರೇ ಹೊಸಬರು ಬರಲಿ, ನಮ್ಮ ನಿಯಮ ಹೇಳುವ ಮೊದಲು ಅವರು ಏನು ಕಲಿತು ಬಂದಿದ್ದಾರೆಂದು ಕೇಳುತ್ತೇನೆ.